ತೀರ್ಥ ನೀರಲ್ಲ

ಕೆಂಪು ಅಂಕಿ ಮೇಲೆ ಹಾರಿತು, ಕೆಳಗಿಳಿಯಿತು, ಮತ್ತೆ ಮೇಲೆ ಹೋಗಿ ನಿಂತಿತು, ಅಪ್ಪ ತೂಕದ ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದಾನೆ, ಉಸಿರು ಹಿಡಿದರೆ ತೂಕ ಕಡಿಮೆ ತೋರಿಸುತ್ತದೆ ಎಂದು ಅವನಿಗೆ ಯಾರು ಹೇಳಿದರೋ, ಚಪ್ಪಲಿ ಬಿಟ್ಟಾಯಿತು, ಬಿಳಿ ಟೋಪಿ ನನ್ನ ಕೈಗೆ ಬಂತು, ಕನ್ನಡಕ ಬಂತು, ಗಡಿಯಾರ ಬಂತು, ಅಂಗಿಯ ಕಿಸೆಯಿಂದ ಅಡಕೆಯ ಡಬ್ಬಿ ಬಂತು, ಸುಣ್ಣ ಹಚ್ಚುವ ದಿನ ಮನೆಯ ಸಾಮಾನು ಅಂಗಳಕ್ಕೆ ಬರುವಂತೆ ಒಂದೊಂದೇ ಹೊರಗೆ ಬಂದು ಕೊನೆಗೆ ಕೊರಳಿನ ಬೆಳ್ಳಿ ಕರಡಿಗೆಯೊಂದು ಉಳಿಯಿತು, ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತ, ಇದು ತೆಗಿಲಿಕ್ಕಿ ಬರಂಗಿಲ್ಲ ಸಿಸ್ಟರ್, ಲಿಂಗದ ವಜನ ಅದರಾಗಿಂದ ಕಳೀರಿ. ಸಿಸ್ಟರ್ ದೇವಿಕಾ ಬೇರೆ ದಿನವಾಗಿದ್ದರೆ ನಗುತ್ತಿದ್ದಳು, ಇವತ್ತು ನಗಲಿಲ್ಲ, ಅಂಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಲಿಂಗ ಕಳದ್ರೂ ಮೂರು ಕಿಲೋ ಜಾಸ್ತಿ ಅದ ಅಜ್ಜಾರ, ಇದು ನೀರೇ, ಬ್ಯಾರೆ ಏನೂ ಅಲ್ಲ — ಆಮೇಲೆ ನನ್ನ ಕಡೆ ತಿರುಗಿ, ಅಕ್ಕಾರ, ನೀವು ಟೀಚರ್ ಇದ್ದೀರಿ, ನಿಮಗರ ತಿಳೀಬೇಕಲ್ರಿ. ತಿಳಿಯಬೇಕು, ಹೌದು, ಚಿತ್ತಾಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಶಿವಗಂಗಾ ಟೀಚರಿಗೆ ಸಂಧಿ ತಿಳಿಯುತ್ತದೆ, ಸಮಾಸ ತಿಳಿಯುತ್ತದೆ, ಹಿಂದಿನ ಬೆಂಚಿನ ಹುಡುಗಿ ದವಡೆಯಲ್ಲಿ ಹುಣಸೆಹಣ್ಣು ಒತ್ತಿಟ್ಟುಕೊಂಡು ಪದ್ಯ ಒಪ್ಪಿಸುತ್ತಿದ್ದಾಳೆಂಬುದು ತಿಳಿಯುತ್ತದೆ, ಹಡೆದ ಅಪ್ಪನ ಮೈಯೊಳಗೆ ಮೂರು ಕಿಲೋ ನೀರು ಯಾವ ದಾರಿಯಿಂದ ಬಂತೆಂಬುದು ತಿಳಿಯುವುದಿಲ್ಲ. ರಜೆ ಹಾಕಿ ವಾಡಿಯ ತವರಿನಲ್ಲಿ ಕೂತಿದ್ದೇನೆ, ಪರೀಕ್ಷೆಯ ಕೋಣೆಯಲ್ಲಿ ನಿಂತ ಹಾಗೆ ಕಣ್ಣು ಬಿಟ್ಟುಕೊಂಡು, ನಕಲು ಎಲ್ಲಿಂದ ಬರುತ್ತಿದೆಯೋ ಕಾಣುತ್ತಿಲ್ಲ. ಅವ್ವ ದಿನಾ ಬೆಳಿಗ್ಗೆ ಒಂದು ಸಣ್ಣ ಬಾಟಲಿ ತುಂಬಿ ಇಡುತ್ತಾಳೆ, ಅಪ್ಪನ ಇಡೀ ದಿನದ ನೀರು ಅದು, ಚಹಾ ಅದರಲ್ಲೇ, ಗುಳಿಗೆ ಅದರಲ್ಲೇ, ತೆಳ್ಳನೆ ಬೇಳೆಕಟ್ಟು ಬಡಿಸಿದರೆ ಅಷ್ಟು ನೀರು ಬಾಟಲಿಯಿಂದ ತೆಗೆದು ಗಿಡಕ್ಕೆ ಹಾಕುತ್ತಾಳೆ, ಎರಡೂ ಕಿಡ್ನಿ ಕೆಲಸ ಬಿಟ್ಟಿವೆ, ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯಿಲ್ಲ, ಕಾಲಿಗೆ ಇಳಿಯುತ್ತದೆ, ಎದೆಗೆ ಏರುತ್ತದೆ — ಹೋದ ವಾರ ಏರಿತು, ಅಪ್ಪ ಅಲಮಾರಿಗೆ ಬೆನ್ನು ಕೊಟ್ಟು ಕೂತು ಬಾಯಿ ತೆರೆದು ಗಾಳಿಯನ್ನು ಹಿಡಿಯಲು ನೋಡುತ್ತಿದ್ದ, ಮಾತಿಲ್ಲ, ತುಟಿ ನೀಲಿ, ಅಪ್ಪನ ಗೆಳೆಯ ಕರೀಮ ಕಾಕಾ ವ್ಯಾನು ತರದಿದ್ದರೆ ಅವತ್ತೇ ಮುಗಿದಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ಇನ್ನೊಂದ್ಸಲ ಹಿಂಗ ನೀರು ತುಂಬಿತಂದ್ರ ಹಾರ್ಟ್ ತಡ್ಯಂಗಿಲ್ರಿ. ಇನ್ನೊಂದು ಸಲ. ಹೇಳಿ ಒಂದು ವಾರವಾಗಿಲ್ಲ, ಮೂರು ಕಿಲೋ.

ಡಯಾಲಿಸಿಸ್ ಯಂತ್ರ ಶುರುವಾಗಿದೆ, ಎಡಗೈಯಿಂದ ರಕ್ತ ಕೊಳವೆ ಹಿಡಿದು ಹೊರಗೆ ಬರುತ್ತದೆ, ತೊಳೆಸಿಕೊಂಡು ಇನ್ನೊಂದು ಕೊಳವೆಯಲ್ಲಿ ಮರಳುತ್ತದೆ, ಊಟದ ಹೊತ್ತು ದಾಟುವವರೆಗೆ ಇದೇ, ನನಗೊಂದು ಪ್ಲಾಸ್ಟಿಕ್ ಕುರ್ಚಿ, ಎಸಿಯ ಗಾಳಿ ಸರಿಯಾಗಿ ಕುತ್ತಿಗೆಗೇ ಹೊಡೆಯುತ್ತದೆ, ಯಾರೂ ಅದರ ಮುಖ ತಿರುಗಿಸುವುದಿಲ್ಲ. ಮಲಗುವ ಮೊದಲು ಅಪ್ಪ ನೆಲ ನೋಡಿದ, ಪ್ರತಿ ಸಲವೂ ನೋಡುತ್ತಾನೆ, ಪ್ರತಿ ಸಲವೂ ಅದೇ ಮಾತು, ಇದು ಶಹಾಬಾದ, ದುನಿಯಾಕ್ಕ ಪರ್ಶಿ ಕೊಟ್ಟ ಊರು, ಈ ಊರಾಗ ಗುಜರಾತದ ಟೈಲ್ಸ್ ಹಾಕ್ಯಾರ ನೋಡು, ಪೇಶಂಟ್ ಜಾರಿ ಬಿದ್ರ ಮ್ಯಾಲಿನ ಅಂತಸ್ತಿನಾಗ ಎಲುಬಿನ ಡಾಕ್ಟರ್ ಅದಾನ, ಧಂದೆ ಇದು. ರಾವೂರ ರಸ್ತೆಯಲ್ಲಿ ನೆಲಕ್ಕೆ ಹಾಸುವ ಪರ್ಶಿ ಕಲ್ಲಿನ ಅಂಗಡಿ ನಡೆಸಿದವನು, ಮನುಷ್ಯರ ಮುಖಕ್ಕಿಂತ ಅವರ ಮನೆಯ ನೆಲವನ್ನು ಹೆಚ್ಚು ನಂಬಿದವನು, ನನಗೆ ಗಂಡು ನೋಡಲು ಚಿತ್ತಾಪುರಕ್ಕೆ ಹೋದಾಗ ಹುಡುಗನನ್ನು ಏನೂ ಕೇಳಲಿಲ್ಲವಂತೆ, ಪಡಸಾಲೆಯ ಕಲ್ಲುಗಳ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಹಾಕಿ, ಮಂದಿ ಛಲೋ ಅದಾರ, ಸಂದಿ ಹತ್ತಂಗಿಲ್ಲ ಕಾಲಿಗಿ, ಎಂದು ಸಂಬಂಧ ಒಪ್ಪಿಕೊಂಡು ಬಂದ — ಸಂದಿ ಆಮೇಲೆ ಬಿಟ್ಟವು, ಅದು ಬೇರೆ ಮಾತು, ಕಲ್ಲಿನ ತಪ್ಪಲ್ಲ. ಫೋನು ನಡುಗುತ್ತಿದೆ, ಸಂಗಮೇಶ್ವರ, ನನ್ನ ತಮ್ಮ, ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಸೇಡಂನ ಮನೆ ಮುಟ್ಟಿದ್ದಾನೆ, ಅಕ್ಕಾ, ತೂಕ ಎಷ್ಟ್ ಬಂತು, ಹೇಳಿದೆ, ಟೆನ್ಶನ್ ತಗೋಬ್ಯಾಡ, ಶ್ರೀಶೈಲದ ಮಲ್ಲಯ್ಯ ಅದಾನ, ನಾ ಇವತ್ತೊಂದು ವೀಡಿಯೊ ಕಳಸೀನಿ ನೋಡು, ಒಬ್ಬಂವ ಬರೇ ವಿಶ್ವಾಸದ ಮ್ಯಾಲ ಕಿಡ್ನಿ ವಾಪಸ್ ತಂದಾನ. ಎಲ್ಲಿಂದ ವಾಪಸ್ ತಂದ, ಅಡವಿಟ್ಟಿದ್ದನೇನು. ಆದರೆ ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ, ಈ ವರ್ಷ ಅಪ್ಪನ ಹೆಸರಲ್ಲಿ ಹರಕೆ ಹೊತ್ತು ಶ್ರೀಶೈಲಕ್ಕೆ ನಡೆದು ಹೋದ, ಹೊಟ್ಟೆ ಬಂದ ಮನುಷ್ಯ, ಅಂಗಾಲೆಲ್ಲ ಗುಳ್ಳೆಯೆದ್ದು ಸೇಡಂನ ಬಸ್‌ಸ್ಟ್ಯಾಂಡಿನಲ್ಲಿ ಹಿಮ್ಮಡಿ ಊರದೆ ಬಾತುಕೋಳಿಯ ಹಾಗೆ ಇಳಿದ, ತಲೆಯ ಮೇಲೆ ಪಾತಾಳಗಂಗೆಯ ನೀರಿನ ಕ್ಯಾನು, ಒಂದು ಹನಿ ಚೆಲ್ಲಿರಲಿಲ್ಲ, ಆ ಗುಳ್ಳೆಗಳ ಜೊತೆ ಯಾರು ವಾದ ಮಾಡುವುದು. ಚಿಂಚೋಳಿಯ ಚಿಗವ್ವ ಕಾಡಿನ ಝರಿಯ ನೀರು ತಂದಳು, ಅದು ಬಿದ್ದ ಕಲ್ಲು ಹೊಳೆಯುತ್ತದಂತೆ, ಯಾರದೋ ಮಗ ಕಾಶಿಗೆ ಹೋದವನು ಗಂಗೆಯನ್ನು ಹಿತ್ತಾಳೆಯ ಗಿಂಡಿಯಲ್ಲಿ ಬೆಸುಗೆ ಹಾಕಿಸಿ ತಂದ, ಕರೀಮ ಕಾಕಾ ಉಮ್ರಾ ಯಾತ್ರೆ ಮುಗಿಸಿ ಬಂದು ಖಜೂರ ಮತ್ತು ಅಲ್ಲಿನ ಪವಿತ್ರ ನೀರು ಝಮ್‌ಝಮ್ ತಂದರು, ಪ್ರತಿ ಸೋಮವಾರ ಮಠದ ಅಯ್ಯನವರು ಬಂದು ಪಾದ ತೊಳೆಸಿಕೊಂಡು ಪಾದೋದಕ ಕೊಡುತ್ತಾರೆ. ಬಂದವರು ಬರಿಗೈಲಿ ಬರುವುದಿಲ್ಲ ನಮ್ಮ ಕಡೆ, ತಂದದ್ದನ್ನು ಡಾಕ್ಟರಿಗೆ ಹೇಳಿದರೆ ಎಲ್ಲದಕ್ಕೂ ಬೇಡ, ತೆಂಗಿನಕಾಯಿ ಬೇಡ, ಬಾಳೆಹಣ್ಣು ಬೇಡ, ಖಜೂರ ಬೇಡವೇ ಬೇಡ, ಎಲ್ಲದರಲ್ಲೂ ಪೊಟ್ಯಾಸಿಯಂ, ದೇವರು ಮುಟ್ಟಿದ್ದನ್ನೆಲ್ಲ ಕಿಡ್ನಿ ಬೇಡ ಎನ್ನುತ್ತದೆ, ಅವ್ವ ಅದನ್ನು ಪೊಟಾಸ ಎನ್ನುತ್ತಾಳೆ, ಖಣಿಯಲ್ಲಿ ಕಲ್ಲು ಸಿಡಿಸುವ ಮದ್ದಿನ ಹೆಸರು, ಬಾಳೆಹಣ್ಣಿನಾಗ ಪೊಟಾಸ ಅದ ಅಂತ, ಹೊಟ್ಟ್ಯಾಗ ಸಿಡೀತದ ಅಂತ, ಎಂದು ಓಣಿಗೆಲ್ಲ ಸಾರಿ ಹಣ್ಣನ್ನು ಹಂಚಿಬಿಟ್ಟಳು. ಹಾಗೆ ಹೆದರುವವಳು. ಉಪ್ಪಿನಕಾಯಿಯ ಭರಣಿಯನ್ನು ನೆರೆಮನೆಯಲ್ಲಿಟ್ಟವಳು. ಅವಳ ಕೈಯಿಂದ ಮೂರು ಕಿಲೋ ನೀರು ಹೋಗುವುದೆಂದರೆ.

ಹಾಗಾದರೆ ಯಾರು, ತಮ್ಮನಲ್ಲ, ಅವನು ಬರುವುದೇ ರವಿವಾರ, ಕರೀಮ ಕಾಕಾ ಚಹಾ ಕುಡಿಸಿದರೋ ಏನೋ, ಇಲ್ಲ, ಅವರು ಅಪ್ಪನ ಮುಂದೆ ತಾವೂ ಚಹಾ ಕುಡಿಯುವುದಿಲ್ಲ, ಅಪ್ಪನೇ ಬಚ್ಚಲಮನೆಯ ನಲ್ಲಿಗೆ ಬಾಯಿಟ್ಟನೋ, ಆ ಬಾಗಿಲ ಬಳಿ ನಾನು ನಾಚಿಕೆಯಿಲ್ಲದೆ ಕಿವಿಗೊಟ್ಟು ನಿಂತಿದ್ದೇನೆ, ಮಗಳಾಗಿ ಮಾಡುವ ಕೆಲಸವೇ ಅದು, ನಲ್ಲಿಯ ಸಪ್ಪಳವಿರಲಿಲ್ಲ. ಸಾಕಾಗಿದೆ ನನಗೆ, ಎಲ್ಲರಿಗೂ ವಿಶ್ವಾಸವಿದೆ, ನನಗೊಬ್ಬಳಿಗೆ ಲೆಕ್ಕ ಬಿದ್ದಿದೆ, ಎಲ್ಲರೂ ಗುಣ ಆಗ್ತದ ಬಿಡು ಎನ್ನುತ್ತಾರೆ, ಆ ಬಿಡು ಎನ್ನುವುದು ಎಷ್ಟು ಸಲೀಸು, ಎಲ್ಲಿ ಬಿಡಲಿ. ಅವ್ವ ನಿನ್ನೆ ರೊಟ್ಟಿ ಬಡಿಯುತ್ತ ಹೇಳಿದಳು, ಹಿಟ್ಟಿನ ಕೈ ಹಾಗೇ ನಿಲ್ಲಿಸಿ, ಯಾರಾದರೂ ಕೇಳಿಸಿಕೊಂಡರೆ ದೃಷ್ಟಿಯಾದೀತು ಎಂಬಂತೆ ದನಿ ತಗ್ಗಿಸಿ, ನಿಮ್ಮಪ್ಪಗ ಭಕ್ತಿ ಬಂದಾದ ಶಿವಗಂಗಾ, ಭಕ್ತಿ ಬಂದ ಮ್ಯಾಲ ರೋಗ ಎಷ್ಟು ದಿನ ನಿಂದರ್ತದ, ಡಾಕ್ಟರಿಗಿ ಇದು ಗೊತ್ತಾಗಂಗಿಲ್ಲ. ಒಲೆಯ ಬೆಳಕಿನಲ್ಲಿ ಅವಳ ಮುಖ ಮದುವಣಗಿತ್ತಿಯ ಹಾಗಿತ್ತು, ನಾನು ನೋಡಲಾರದೆ ರೊಟ್ಟಿ ತಿರುವಿದೆ. ಗುರುಲಿಂಗಮ್ಮನೆಂಬ ಈ ಹೆಂಗಸು ಮದುವೆಯಾಗಿ ಬಂದಂದಿನಿಂದ ಗಂಡನನ್ನು ಕೇಳಿದ್ದು ಒಂದೇ, ಸೀರೆಯಲ್ಲ ಬಂಗಾರವಲ್ಲ, ಒಂದ್ ಸೋಮಾರ ನನ್ನ ಬಾಜೂಕ ಪೂಜಿಗಿ ಕುಂದ್ರಿ, ಅಷ್ಟೇ, ಅಪ್ಪ ಕೂರಲಿಲ್ಲ, ಅವನ ಲಿಂಗಪೂಜೆಯೆಂದರೆ ಅಂಗಿಯ ಗುಂಡಿ ಹಾಕುತ್ತ ಕರಡಿಗೆಯನ್ನು ಒಮ್ಮೆ ಕಣ್ಣಿಗೊತ್ತಿಕೊಳ್ಳುವುದು, ಅಯ್ಯನವರ ಸ್ಕೂಟರಿನ ಸಪ್ಪಳ ಕೇಳಿದರೆ ಹಿತ್ತಲ ಬಾಗಿಲಿನಿಂದ ಅಂಗಡಿಗೆ ಹೊರಡುವುದು, ಕೊರಳಾಗ ಕಟಗೊಂಡು ತಿರಗಲಿಕತ್ತೀನಲ್ಲ, ಮತ್ತ ಕುಂತು ಮಾತಾಡ್ಸೋದು ಏನದ, ಎನ್ನುವುದು. ಅಂಥವನು ಡಯಾಲಿಸಿಸ್ ಶುರುವಾದ ಮೇಲೆ ತಾನಾಗಿಯೇ ಪೂಜೆಗೆ ಬಂದು ಕೂತ, ಮೊದಲು ಸೋಮವಾರ, ಆಮೇಲೆ ದಿನಾ, ಆಮೇಲೆ ದಿನಕ್ಕೆ ಮುಂಜಾನೆ ಒಮ್ಮೆ ಸಂಜೆ ಒಮ್ಮೆ, ಆಮೇಲೆ ನಡುಮಧ್ಯಾಹ್ನ ಬಿಸಿಲು ಕಣ್ಣಿಗೆ ಹೊಡೆಯುವಾಗ ಅವ್ವನನ್ನು ಕರೆದು, ಏ, ಮಲ್ಲಯ್ಯನ ತೀರ್ಥ ಅದೇನು, ಮನಸ್ಸಿಗಿ ಯಾಕೋ ಸಮಾಧಾನಿಲ್ಲ, ಅವ್ವ ಓಡಿ ತಂದಳು, ಗಂಗೆಯನ್ನೂ ಕೇಳಿದ, ಕಾಡಿನ ಝರಿಯನ್ನೂ ಕೇಳಿದ, ಖಜೂರವನ್ನು ಬೇಡವೆಂದು ಝಮ್‌ಝಮ್ ಮಾತ್ರ ಇರಿಸಿಕೊಂಡ, ಮಠ, ಮಸೀದಿ, ಕಾಶಿ ಎಂಬ ಭೇದ ಅವನಲ್ಲಿ ಉಳಿಯಲಿಲ್ಲ, ನಾನು ಒಂಬತ್ತನೇ ಇಯತ್ತೆಗೆ ಸರ್ವಧರ್ಮ ಸಮಾನತೆಯ ಪಾಠ ಹೇಳುವಾಗ ಉದಾಹರಣೆಗೆ ಅಪ್ಪನ ಹೆಸರು ತೆಗೆಯಬೇಕೆಂದುಕೊಂಡೆ, ಹೆಮ್ಮೆಪಟ್ಟೆ, ಖರೆ, ಹೆಮ್ಮೆಪಟ್ಟೆ — ಈಗ ಅವನು ನಿದ್ದೆಯಲ್ಲಿ ತುಟಿ ನೆಕ್ಕಿಕೊಂಡ. ನಾಲಿಗೆ ಬಿಸಿಲಿಗೆ ಬಿಟ್ಟ ಪರ್ಶಿಯ ಹಾಗೆ ಬೂದುಬಣ್ಣ. ಯಂತ್ರಕ್ಕೆ ಕಟ್ಟದ ಕೈ, ಬಲಗೈ, ಚಾದರದ ಮೇಲೆ ತಾನಾಗಿ ಮಗುಚಿಕೊಂಡಿತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು, ಹೆಬ್ಬೆರಳು ಒಳಗೆ ಮಡಚಿ ತೋರುಬೆರಳ ಬುಡಕ್ಕೆ ಕೂತಿತು, ಅಂಗೈ ನಡುವೆ ಕುಳಿ ಬಿತ್ತು. ತೀರ್ಥಕ್ಕೆ ಒಡ್ಡುವ ಕೈ. ನಿದ್ದೆಯಲ್ಲಿ. ಮಲಗುವ ಮೊದಲು ಅವನು ದೇವಿಕಾಳನ್ನು ಕೇಳಿದ್ದೇನು, ಇವತ್ತ ಸೋಮಾರ ಅಲ್ಲೇನ್ರಿ, ಜರಾ ಲಗೂ ಬಿಡ್ರಿ, ಮನ್ಯಾಗ ಪಾದೋದಕ ಅದ. ವಾರ, ತಿಥಿ ಯಾವುದೂ ಗೊತ್ತಿರದ ನನ್ನಪ್ಪ ನಾಗೇಂದ್ರಪ್ಪನಿಗೆ ಸೋಮವಾರ ಗೊತ್ತಿದೆ.

ಅಯ್ಯೋ ಅಪ್ಪಾ. ನಾನು ನೋಡಿದ್ದೇನೆ, ಎಲ್ಲವನ್ನೂ ನೋಡಿದ್ದೇನೆ, ಈ ವಾರವೆಲ್ಲ ನನ್ನ ಕಣ್ಣೆದುರೇ ಅವ್ವ ಆ ಕುಳಿಗೆ ಪ್ರತಿ ಪೂಜೆಗೂ ಮೂರು ಸಲ ಎರೆದಳು, ಅವನು ಸುರ್ ಎಂದು ಎಳೆದುಕೊಂಡ, ಇನ್ನೊಂದೀಟು ಎಂದ, ಅವ್ವ ಕಣ್ಣು ತುಂಬಿಕೊಂಡು ಇನ್ನೊಂದೀಟು ಎರೆದಳು, ಇನ್ನೊಂದೀಟು ಎಂಬುದು ನಿನ್ನೆ ಸಣ್ಣ ಲೋಟವಾಗಿತ್ತು, ನಾನು ಪಕ್ಕದಲ್ಲೇ ಕೂತು ಅವ್ವನ ಬಾಟಲಿ ಎಷ್ಟು ಇಳಿದಿದೆಯೆಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಬಾಟಲಿಯನ್ನು, ಲೋಟವನ್ನಲ್ಲ, ಯಾಕೆಂದರೆ ಬಾಟಲಿಯಲ್ಲಿ ಇದ್ದದ್ದು ನೀರು. ಸಣ್ಣವಳಿದ್ದಾಗ ಪೂಜೆಯ ಹೊತ್ತಿಗೆ ಕೈಯೊಡ್ಡಿ, ನನಗೂ ನೀರು ಕೊಡು ಯವ್ವಾ, ಎಂದದ್ದಕ್ಕೆ ಅಜ್ಜಿ ಬಾಯಿಯ ಮೇಲೇ ಹೊಡೆದಿದ್ದಳು, ನೀರಂತ ನೀರು, ತೀರ್ಥ ಅನ್ನಬೇಕು, ಆ ಪೆಟ್ಟು ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಬಿ.ಎಡ್. ಅದನ್ನು ಅಲುಗಾಡಿಸಲಿಲ್ಲ. ಇಡೀ ಮನೆಯಲ್ಲಿ ಆ ಶಬ್ದವನ್ನು ಬಿಡಿಸಿ ನೋಡಿದವನು ಅಪ್ಪನೊಬ್ಬ, ಏಳನೇ ಇಯತ್ತೆಗೆ ಸಾಲಿ ಬಿಟ್ಟವನು, ಒಣಗಿದ ಬಾಯಿಯ ಜಾಣತನ, ಇಲ್ಲಿ ಒಂದು ಸಂದಿಯಿದೆ ಎಂದು ಅವನ ಕಾಲಿಗೆ ಹತ್ತಿತು. ಹಾಗಾದರೆ ಭಕ್ತಿ ಬಂದಿಲ್ಲ. ಹಾಗಾದರೆ ಅವ್ವ — ಇಲ್ಲ, ಇದನ್ನು ಅವಳಿಗೆ ಹೇಳಲಾಗುವುದಿಲ್ಲ, ಆ ರೊಟ್ಟಿ ಬಡಿಯುವ ಮುಖಕ್ಕೆ ಹೇಳಲಾಗುವುದಿಲ್ಲ, ಇಷ್ಟು ವರ್ಷ ಕಾದು ಕಡೆಗೂ ಪಕ್ಕಕ್ಕೆ ಬಂದು ಕೂತ ಗಂಡ ನಿನಗಾಗಿಯೂ ಬಂದಿಲ್ಲ ದೇವರಿಗಾಗಿಯೂ ಬಂದಿಲ್ಲ, ತಂಬಿಗೆಗಾಗಿ ಬಂದಿದ್ದಾನೆ ಎಂದು. ಅವನಿಗೇ ಹೇಳುತ್ತೇನೆ, ಗುಟ್ಟಾಗಿ, ಅಪ್ಪಾ ಸಾಕು ಮಾಡು, ಎಂದು ಹೇಳಿದರೆ ಅವನು ಬಿಡುತ್ತಾನೆಯೇ, ಬಿಟ್ಟರೆ ಅವ್ವ ಬಿಡುತ್ತಾಳೆಯೇ, ಭಕ್ತಿ ಹೋಯ್ತು, ಇನ್ನು ಗಂಡನೂ ಹೋಗುತ್ತಾನೆ ಎಂದು ಅವಳೇ ಬಾಯಿಗೆ ಎರೆಯುತ್ತಾಳೆ. ಹೇಳದೆ ಇದ್ದರೆ ಗುರುವಾರದ ಡಯಾಲಿಸಿಸ್ ಹೊತ್ತಿಗೆ ಮತ್ತೆ ಅಲಮಾರಿ, ಮತ್ತೆ ನೀಲಿ ತುಟಿ. ಅಪ್ಪಾ, ಎಂದೆ, ಕಿವಿಯ ಹತ್ತಿರ ಬಾಗಿ, ಎಚ್ಚರಿದ್ದೀ, ನನಗ ಗೊತ್ತಾಗ್ಯಾದ. ಕಣ್ಣರೆಪ್ಪೆ ಅಲುಗಿತು, ತೆರೆಯಲಿಲ್ಲ, ಬಾಕಿ ಕೇಳಲು ಬಂದವರ ಮುಂದೆ ನಿದ್ದೆ ಹೋಗುವ ಗಿರಾಕಿಗಳನ್ನು ಅವನು ಜೀವನವಿಡೀ ಕಂಡವನು, ಅವರಿಂದಲೇ ಕಲಿತದ್ದು, ಕೈ ಮಾತ್ರ ಮೆಲ್ಲಗೆ ಚಾದರದೊಳಗೆ ಹೋಯಿತು.

ಕರೀಮ ಕಾಕಾನ ವ್ಯಾನಿನಲ್ಲಿ ಹಿಂದಿನ ಸೀಟು ಅಪ್ಪನಿಗೆ ಪೂರ್ತಿ, ದಿಂಬು, ಚಾದರ, ಯಂತ್ರ ಆ ಮೂರು ಕಿಲೋದಲ್ಲಿ ಬಹಳಷ್ಟನ್ನು ಹಿಂಡಿ ತೆಗೆದಿದೆ, ಹಿಂಡಿ ತೆಗೆದ ದಿನವೇ ಬಾಯಿ ಇನ್ನೂ ಹೆಚ್ಚು ಒಣಗುತ್ತದಂತೆ, ದೇವಿಕಾ ಹೊರಡುವಾಗ ಹೇಳಿದಳು, ಬರ್ಫದ ಚೂರು ಬಾಯಾಗ ಇಡ್ರಿ ಅಕ್ಕಾರ, ನೀರು ಬ್ಯಾಡ, ಇವತ್ತರ ಕೈ ಮುಗೀತೀನಿ. ಕರೀಮ ಕಾಕಾ ಅಪ್ಪನ ಜೊತೆ ಖಣಿ ಮಾಡಿದವರು, ಅರ್ಧ ಪಾಲು, ಅರ್ಧ ಜಗಳ, ಅಪ್ಪನಿಗೆ ಕೇಳಿಸದಿರಲಿ ಎಂದು ಸಣ್ಣ ದನಿಯಲ್ಲಿ ಹೇಳುವ ಮಾತು ಇಡೀ ವ್ಯಾನಿಗೆ ಕೇಳಿಸುತ್ತದೆ, ನಿಮ್ಮಪ್ಪ ಬದಲಾಗ್ಯಾನ ಬೇಟಿ, ಮೊನ್ನಿ ಫೋನ್ ಮಾಡಿ ಕೇಳ್ದ, ಕರೀಮ, ಝಮ್‌ಝಮ್ ಇನ್ನ ಉಳದಾದೇನೋ ಅಂತ, ನಮ್ಮ ಮಂದಿನೂ ಇಷ್ಟ ಅಕೀದತ್, ಇಷ್ಟ ಭಕ್ತಿ ಇಟ್ಟು ಕೇಳಂಗಿಲ್ಲ, ಕಣ್ಣಾಗ ನೀರೇ ಬಂತು ನನಗ. ಬರಲಿ ಕಾಕಾ, ನಿಮ್ಮ ನೀರಿಗೆ ಹೊರಗೆ ಬರಲು ದಾರಿಯಾದರೂ ಇದೆ. ಕೊಟ್ಟಿರೇನು, ಎಂದು ಕೇಳಿದೆ, ಕೊಡದೇ ಏನು ಮಾಡ್ಲಿ, ಒಂದು ಬಾಟ್ಲಿ ಇತ್ತು, ಮನಿಗಿ ಒಯ್ದು ಕೊಟ್ಟೀನಿ, ನಿಮ್ಮವ್ವ ಕೈಯಾಗ. ಇವರ ಕಣ್ಣೂ ಒದ್ದೆ, ತಮ್ಮನ ಅಂಗಾಲೂ ಒದ್ದೆ, ಎಲ್ಲರೂ ಪ್ರೀತಿಯನ್ನು ಪಾತ್ರೆಯಲ್ಲಿ ತುಂಬಿ ತಂದು ಒಬ್ಬ ಮನುಷ್ಯನನ್ನು ಒಳಗಿನಿಂದ ಮುಳುಗಿಸುತ್ತಿದ್ದಾರೆ, ಯಾರ ಕೈ ಹಿಡಿಯಲಿ. ರಸ್ತೆಯ ಪಕ್ಕ ಕೈಬಿಟ್ಟ ಖಣಿ, ಮಳೆಗಾಲದ ನೀರು ಅಂಚಿನವರೆಗೆ, ಹಸಿರಾಗಿ, ನಿಶ್ಚಲವಾಗಿ, ಕನ್ನಡಿಯಲ್ಲಿ ನೋಡಿದರೆ ಮಲಗಿದ್ದ ಅಪ್ಪ ಮೊಣಕೈ ಊರಿ ತಲೆಯೆತ್ತಿದ್ದಾನೆ, ವ್ಯಾನು ಖಣಿಯನ್ನು ದಾಟುವವರೆಗೂ ಅವನ ಮುಖ ನಿಧಾನ ತಿರುಗುತ್ತಲೇ ಇತ್ತು, ಆಮೇಲೆ ಮತ್ತೆ ದಿಂಬಿಗೆ ಬಿತ್ತು. ಏನು ಹೇಳುವುದು, ಯಾವ ಬಾಯಿಂದ, ನನ್ನ ಬಾಯಿ ತಂಪಾಗಿದೆ, ಆಸ್ಪತ್ರೆಯ ಬಾಗಿಲಲ್ಲಿ ಒಂದು ಬಾಟಲಿ ನೀರು ಅವನಿಗೆ ಬೆನ್ನು ಮಾಡಿ ನಿಂತು ಗಟಗಟ ಕುಡಿದು ಬಂದಿದ್ದೇನೆ.

ಮನೆಯಲ್ಲಿ ಅವ್ವ ಸಿದ್ಧ, ಸ್ನಾನವಾಗಿದೆ, ವಿಭೂತಿಯ ಮೂರು ಗೆರೆ ಹಸಿಯಾಗಿವೆ, ಅಯ್ಯನವರ ಸ್ಕೂಟರು ಅಂಗಳದಲ್ಲಿ, ಪಡಸಾಲೆಯ ಪರ್ಶಿಯ ಮೇಲೆ ಹಿತ್ತಾಳೆಯ ಪರಾತ, ಅದರಲ್ಲಿ ಅಯ್ಯನವರ ಪಾದ, ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಸಕ್ಕರೆ ರೋಗ, ಅವರು ಬೆಲ್ಲ ಹಾಕದ ಚಹಾ ಕೇಳಿ ಕುಡಿಯುತ್ತಾರೆ, ಇದನ್ನು ಯಾರೂ ಭಕ್ತಿಯ ಕೊರತೆ ಎನ್ನುವುದಿಲ್ಲ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದೆವು, ನಾನೂ ಕರೀಮ ಕಾಕಾನೂ, ಕಾಕಾ ಚಪ್ಪಲಿ ಹಾಕಿಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು, ಅವ್ವ ನನ್ನನ್ನು ನೋಡಿ, ಹಗುರಾಗಿ ಬಂದಾರ ಇಲ್ಲ, ಮುಖ ಕಳಿ ಬಂದಾದ, ಎಂದಳು, ತಾಮ್ರದ ತಂಬಿಗೆ ಎತ್ತಿದಳು, ತಂಬಿಗೆ ತುಂಬ ಇತ್ತು, ಸೋಮವಾರ, ಯಾವ ಕೈಗೂ ಕೊರತೆಯಾಗಬಾರದೆಂದು ತುಂಬಿಸಿದ್ದಾಳೆ. ಅಪ್ಪನ ಬಲಗೈ ಮುಂದೆ ಬಂತು, ಎಡಗೈ ಬ್ಯಾಂಡೇಜಿನೊಳಗೇ ಬಂದು ಅದರ ಕೆಳಗೆ ನಿಂತಿತು, ಬೆರಳು ಕೂಡಿದವು, ಹೆಬ್ಬೆರಳು ಮಡಚಿತು, ಕುಳಿ. ತಂಬಿಗೆ ಬಾಗಿತು, ನಾನು ಅವ್ವನ ಮಣಿಕಟ್ಟು ಹಿಡಿದೆ, ಹಿಡಿಯಬೇಕೆಂದು ಅಂದುಕೊಂಡಿರಲಿ ಇಲ್ಲದಿರಲಿ ಹಿಡಿದಾಗಿತ್ತು, ಅವ್ವಾ, ಅದೂ ನೀರೇ. ಅಂದುಬಿಟ್ಟೆ, ಅಷ್ಟು ದೊಡ್ಡವಳಾಗಿ, ಅಜ್ಜಿ ಹೊಡೆದ ಅದೇ ಶಬ್ದ. ಅಯ್ಯನವರು ಕಾಲು ಒರೆಸಿಕೊಳ್ಳುವುದನ್ನು ನಿಲ್ಲಿಸಿದರು, ಅವ್ವ ಮೊದಲು ನಕ್ಕಳು, ತಪ್ಪು ಉತ್ತರ ಹೇಳಿದ ಮಗುವಿಗೆ ನಗುವ ಹಾಗೆ, ಹುಚ್ಚಿ, ತೀರ್ಥ ನೀರು ಹ್ಯಾಂಗ ಆಗ್ತದ, ಗುಳಿಗಿ ನುಂಗಿಸಲಿಕ್ಕಿ ಒಂದ್ ದಿನಾನೂ ಇದರಾಗಿಂದ ಒಂದ್ ಹನಿ ತಗೊಂಡಿಲ್ಲ ನಾ, ಕೇಳು ನಿಮ್ಮಪ್ಪಗ. ನಿಜ, ತೆಗೆದುಕೊಂಡಿಲ್ಲ, ನಾನು ಬಲ್ಲೆ. ಮೂರು ಕಿಲೋ ಅವ್ವಾ, ಎಂದೆ, ಬಾಟಲಿ ಬರಾಬರಿ ಅದ, ಮತ್ತ ಮೂರು ಕಿಲೋ ಎಲ್ಲಿಂದ ಬಂತು, ಎದಿ ತುಂಬಿ ಕುಂತಿದ್ರಲ್ಲ ಅವತ್ತ, ಅದು ಇದೇ, ಇನ್ನೊಂದ್ಸಲ ಆದ್ರ ಉಳಿಯಂಗಿಲ್ಲ ಅಂದಾರ. ಅವಳು ಅಯ್ಯನವರ ಕಡೆ ನೋಡಿದಳು, ಅವರು ತಮ್ಮ ಉಗುರಿನ ಕಡೆ ನೋಡಿ, ತೀರ್ಥಂದ್ರ ತೀರ್ಥನೇ ತಾಯಿ, ಆದರ ಡಾಕ್ಟರ್ ಹೇಳಿದ್ದೂ ಒಂದು ಮಾತೇ, ಎಂದು ಎರಡೂ ಕಡೆ ಕಾಲಿಟ್ಟರು. ಆಗ ಅವ್ವ ಗಂಡನ ಕಡೆ ತಿರುಗಿದಳು, ಅವಳ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ, ಗೆಲ್ಲುವ ಸಾಕ್ಷಿಯನ್ನು ಕರೆಯುವಂತೆ, ನೀವರ ಹೇಳ್ರಿ ಈಕಿಗಿ, ಭಕ್ತಿಲಿಂದ ತಗೊಂಡೀರಿ ಇಲ್ಲ ನೀವು. ಹೌದು ಅನ್ನು ಅಪ್ಪಾ, ಅನ್ನಬೇಡ, ಅಂದರೆ ಅವಳು ಉಳಿಯುತ್ತಾಳೆ ನೀನು ಹೋಗುತ್ತೀ, ಒಂದು ಅಕ್ಷರ ಸಾಕು, ಅವನು ತಂಬಿಗೆಯ ಅಂಚನ್ನು ನೋಡಿದ, ಅಲ್ಲಿ ಒಂದು ಹನಿ ತೂಗುತ್ತಿತ್ತು, ಬೀಳಲಿಲ್ಲ, ಅವನು ಅದನ್ನು ಬಿಟ್ಟು ಅವಳ ಮುಖ ನೋಡಿದ, ಅಷ್ಟು ಹೊತ್ತು ಅವನು ಅವಳ ಮುಖ ನೋಡಿದ್ದನ್ನು ನಾನು ಕಂಡಿರಲಿಲ್ಲ, ನೀರಡಿಕಿ ಆಗಿತ್ತು ನನಗ, ಎಂದ. ಇನ್ನೇನೂ ಇಲ್ಲ, ಭಾಳ ನೀರಡಿಕಿ. ಕಟ್ಟೆಯ ಮೇಲೆ ಕರೀಮ ಕಾಕಾ ಕೆಮ್ಮಿದರು. ಅವ್ವ ನಿಂತೇ ಇದ್ದಳು, ನಾನು ಹಿಡಿದ ಮಣಿಕಟ್ಟು ಬೆಚ್ಚಗಿತ್ತು, ಬಿಡಿಸಿಕೊಂಡಳು, ಜಗಳವಿಲ್ಲ, ಅಳುವಿಲ್ಲ, ಮೊದಲೇ ಹೇಳಬಾರದೇನ್ರಿ, ಎಂದಳು, ಸಂತೆಗೆ ಹೋಗುವವನು ಚೀಲ ಮರೆತಾಗ ಅನ್ನುವಂತೆ ಅಷ್ಟೇ, ಆಮೇಲೆ ತಂಬಿಗೆಯನ್ನು ನೋಡಿದಳು, ಪಾದೋದಕವನ್ನು ನೆಲಕ್ಕೆ ಚೆಲ್ಲುವ ಹಾಗಿಲ್ಲ, ಗಿಡಕ್ಕೂ ಹಾಕುವ ಹಾಗಿಲ್ಲ, ನಾಳೆಗೆ ಇಡುವ ಹಾಗಿಲ್ಲ, ಇದ್ದರೆ ಅವನು ಕೇಳುತ್ತಾನೆ, ಎರಡೂ ಕೈಯಲ್ಲಿ ಎತ್ತಿ ತಾನೇ ಬಾಯಿಗೆ ಇಟ್ಟಳು, ಕುಡಿದಳು, ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ಕುಡಿದಳು, ಮುದುಕಿ, ಅಷ್ಟು ನೀರು ಯಾವತ್ತೂ ಒಟ್ಟಿಗೆ ಕುಡಿದವಳಲ್ಲ, ಗಂಟಲ ಗುಳಿ ಏರುತ್ತದೆ ಇಳಿಯುತ್ತದೆ, ಅಪ್ಪ ಅದನ್ನೇ ನೋಡುತ್ತಿದ್ದಾನೆ, ಪ್ರತಿ ಗುಟುಕನ್ನೂ, ಅವನ ಗಂಟಲೂ ಅದರ ಜೊತೆ ಏರುತ್ತದೆ ಇಳಿಯುತ್ತದೆ, ತಂಬಿಗೆ ಬೋರಲಾಯಿತು, ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು, ಅಡುಗೆಮನೆಯಲ್ಲಿ ತಂಬಿಗೆ ಇಟ್ಟ ಸಪ್ಪಳ, ಬರ್ಫ ತರಬೇಕು, ದೇವಿಕಾ ಬರ್ಫದ ಚೂರು ಎಂದಿದ್ದಳು, ಅಂಗಡಿ ತೆರೆದಿರುತ್ತದೆಯೋ ಇಲ್ಲವೋ, ಕಾಕಾನನ್ನು ಕಳಿಸುತ್ತೇನೆ, ತಮ್ಮನಿಗೆ ಹೇಳಬೇಕು, ಅವ್ವನ ಹತ್ತಿರ ಹೋಗಬೇಕು, ಮೊದಲು ಅವ್ವನ ಹತ್ತಿರ, ಇಲ್ಲ ಮೊದಲು ಇವನ — ಕುರ್ಚಿಯ ಮುಂದೆ, ಗಾಳಿಯಲ್ಲಿ, ಬೆರಳು ಕೂಡಿಸಿ, ಹೆಬ್ಬೆರಳು ಮಡಚಿ, ಅವನ ಕೈ ಇನ್ನೂ ಒಡ್ಡಿಯೇ ಇದೆ, ಇಳಿಸುತ್ತಿಲ್ಲ, ನಡುವಿನ ಕುಳಿ ಒಣಗಿದೆ.